ಅಪೊಸ್ತಲರ ಪತ್ರಗಳನ್ನು ಪತ್ರದ ಹಾಗೆ ಓದುವುದು ಹೇಗೆ?

ಪಿಯುಸಿ ಪರೀಕ್ಷೆ ಹತ್ತಿರ ಬಂದರೆ ಸಾಕು, ನಮ್ಮ ಕಡೆಯ ಹುಡುಗರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬೈಬಲಿನ ಫಿಲಿಪ್ಪಿ 4:13 (ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ, 13ನೇ ವಚನ) ಹಾಜರು. ಬಲ ಕೊಡುವವನು ಜೊತೆಗಿದ್ದಾನೆ, ನನ್ನಿಂದ ಎಲ್ಲವೂ ಆಗುತ್ತದೆ ಅನ್ನುವ ಅರ್ಥದ ಮಾತು. ಆಟೊ ಹಿಂದೆಯೂ ಬರೆಸುತ್ತಾರೆ, ಗೋಡೆಯ ಕ್ಯಾಲೆಂಡರಿನಲ್ಲೂ ಇರುತ್ತದೆ. ಮಾತು ಚೆನ್ನಾಗಿದೆ. ಆದರೆ ಅದರ ಹಿಂದಿನ ಎರಡು ವಚನ ಓದಿ ನೋಡಿ. ಇದನ್ನು ಬರೆದ ಪೌಲ ಒಬ್ಬ ಅಪೊಸ್ತಲ, ಅಂದರೆ ಯೇಸುವಿನ ಸಂದೇಶ ಸಾರುತ್ತಾ ಊರೂರು ತಿರುಗಿದವನು. ಅವನು ಅಲ್ಲಿ ಗೆಲುವಿನ ಸುದ್ದಿಯನ್ನೇ ಎತ್ತಿಲ್ಲ. ಹೊಟ್ಟೆ ತುಂಬಿದ್ದರೂ ಸರಿ, ಹಸಿದಿದ್ದರೂ ಸರಿ, ಕೈಯಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಹೇಗೆ ಇರಬೇಕೆಂದು ಕಲಿತಿದ್ದೇನೆ ಅನ್ನುತ್ತಿದ್ದಾನೆ. ಇದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ. ಫಿಲಿಪ್ಪಿ ಅನ್ನುವ ಊರಿನ ಸಭೆಯವರು, ಅಂದರೆ ಅಲ್ಲಿನ ಕ್ರೈಸ್ತರು, ಎಪಫ್ರೊದೀತ ಅನ್ನುವವನ ಕೈಯಲ್ಲಿ ಅವನ ಖರ್ಚಿಗೆ ಸಹಾಯ ಕಳಿಸಿದ್ದರು. ಅದು ಮುಟ್ಟಿತು ಎಂದು ತಿಳಿಸುವ ಭಾಗ ಇದು. ಹಾಗೆ ನೋಡಿದರೆ ಪರೀಕ್ಷೆಯಲ್ಲಿ ಪಾಸಾದವನಿಗಿಂತ ಫೇಲಾದವನಿಗೇ ಈ ವಚನ ಜಾಸ್ತಿ ಬೇಕು.

ಒಂದು ಸಾಲು ಕಿತ್ತುಕೊಂಡು ಉಳಿದ ಪತ್ರ ಬಿಟ್ಟುಬಿಡುವ ಈ ರೂಢಿ ನಮ್ಮಲ್ಲಿ ಬಹಳ ಇದೆ. ಯುರೋಪಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಷ್ಟು ಕಾಲದಿಂದ ಈ ಭಾಗದ ಸಭೆಗಳಲ್ಲಿ ಈ ಪತ್ರಗಳನ್ನು ಓದುತ್ತಾ ಬಂದಿದ್ದಾರೆ. ಆದರೂ ಇವು ಯಾರೋ ಯಾರಿಗೋ ಯಾವುದೋ ತೊಂದರೆಯ ಮಧ್ಯೆ ಬರೆದ ಕಾಗದಗಳು ಅನ್ನುವುದು ಮರೆತೇ ಹೋಗುತ್ತದೆ. ಪತ್ರ ಮೊದಲು ಆ ಊರಿನವರದು, ಆಮೇಲೆ ನಮ್ಮದು. ಆ ಊರಿನ ತೊಂದರೆ ಏನಿತ್ತು ಅಂತ ಹುಡುಕದೆ ನಮ್ಮ ಊರಿಗೆ ಹಾರಿದರೆ ಪೌಲನ ಬಾಯಲ್ಲಿ ನಮ್ಮ ಮಾತನ್ನೇ ತುರುಕಿದ ಹಾಗಾಗುತ್ತದೆ.

ಸಭೆಯಲ್ಲಿ ಬೈಬಲ್ ಸ್ಟಡಿ ನಡೆಸುವವರು, ಸಂಡೇ ಸ್ಕೂಲ್ ಟೀಚರ್‌ಗಳು, ಕ್ರೈಸ್ತರಲ್ಲದಿದ್ದರೂ ಕುತೂಹಲಕ್ಕೆ ಹೊಸ ಒಡಂಬಡಿಕೆ (ಬೈಬಲಿನ ಎರಡನೇ ಭಾಗ) ಕೈಗೆತ್ತಿಕೊಂಡ ಕಾಲೇಜು ಹುಡುಗ-ಹುಡುಗಿಯರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಕಾದ ಸಾಮಾನು ಕಡಿಮೆ. ಒಂದು ಕನ್ನಡ ಬೈಬಲ್, ಸಿಕ್ಕರೆ ಇನ್ನೊಂದು ಅನುವಾದ, ಒಂದು ನೋಟ್‌ಬುಕ್, ಪೆನ್ಸಿಲ್. ಸತ್ಯವೇದ ಅನ್ನುವ ಹಳೆಯ ಕನ್ನಡ ಬೈಬಲಿನ ಪಕ್ಕದಲ್ಲಿ ಸರಳ ಕನ್ನಡದ ಹೊಸ ಅನುವಾದ ಒಂದನ್ನು ಇಟ್ಟುಕೊಂಡರೆ ಉದ್ದ ವಾಕ್ಯಗಳು ಬಿಡಿಸಿಕೊಳ್ಳುತ್ತವೆ.

ಮೊದಲು ಸ್ವಲ್ಪ ಲೆಕ್ಕ

ಹೊಸ ಒಡಂಬಡಿಕೆಯಲ್ಲಿ 27 ಪುಸ್ತಕ. ಅದರಲ್ಲಿ 21 ಪತ್ರಗಳು. 13 ಪತ್ರಗಳ ತಲೆಯಲ್ಲಿ ಪೌಲನ ಹೆಸರಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಬರೆದವರ ಹೆಸರೇ ಇಲ್ಲ. ಅದನ್ನು ಬರೆದಿದ್ದು ಯಾರೋ ದೇವರಿಗೇ ಗೊತ್ತು ಅಂತ ಮೂರನೇ ಶತಮಾನದಲ್ಲೇ ಓರಿಜನ್ ಅನ್ನುವ ಪಂಡಿತ ಕೈಚೆಲ್ಲಿದ್ದ. ಉಳಿದ ಏಳು ಯಾಕೋಬ, ಪೇತ್ರ, ಯೋಹಾನ, ಯೂದ ಇವರ ಹೆಸರಿನವು.

ಪೌಲನ ಹೆಸರಿನ 13ರಲ್ಲಿ ಏಳು ಅವನದೇ ಅನ್ನುವುದಕ್ಕೆ ಪಂಡಿತರಲ್ಲಿ ಹೆಚ್ಚು ಜಗಳವಿಲ್ಲ: ರೋಮ, 1 ಮತ್ತು 2 ಕೊರಿಂಥ, ಗಲಾತ್ಯ, ಫಿಲಿಪ್ಪಿ, 1 ಥೆಸಲೋನಿಕ, ಫಿಲೆಮೋನ. ಉಳಿದ ಆರು ಅವನೇ ಬರೆದದ್ದೋ, ಅವನ ನಂತರ ಶಿಷ್ಯರು ಅವನ ಹೆಸರಲ್ಲಿ ಬರೆದದ್ದೋ ಅನ್ನುವ ಚರ್ಚೆ ಇನ್ನೂ ನಡೆದೇ ಇದೆ. ಇದನ್ನು ಕೇಳಿ ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಇಂಥ ಚರ್ಚೆ ಹೊಸದೇನಲ್ಲ. ಎರಡನೇ ಪೇತ್ರ, ಯಾಕೋಬ, ಯೂದ, ಎರಡನೇ ಮತ್ತು ಮೂರನೇ ಯೋಹಾನ ಇವುಗಳ ಬಗ್ಗೆ ತಕರಾರು ಇದೆ ಅಂತ ನಾಲ್ಕನೇ ಶತಮಾನದ ಚರಿತ್ರೆಕಾರ ಯುಸೇಬಿಯಸ್ ಬಿಚ್ಚಿಟ್ಟು ಬರೆದಿದ್ದಾನೆ. ನಾವು ಇವತ್ತು ಓದುವ 27ರ ಪಟ್ಟಿಯನ್ನೇ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಕೊಟ್ಟಿದ್ದು 367ರಲ್ಲಿ. ಅದೂ ಒಂದು ಪತ್ರದಲ್ಲೇ.

ಇನ್ನೊಂದು ವಿಷಯ. ಪೌಲನ ಪತ್ರಗಳು ಬೈಬಲಿನಲ್ಲಿ ಬರೆದ ಕ್ರಮದಲ್ಲಿಲ್ಲ. ಸಭೆಗಳಿಗೆ ಬರೆದವು ಮೊದಲು, ವ್ಯಕ್ತಿಗಳಿಗೆ ಬರೆದವು ಆಮೇಲೆ. ಎರಡರಲ್ಲೂ ಹೆಚ್ಚುಕಡಿಮೆ ಉದ್ದದ್ದು ಮೊದಲು, ಚಿಕ್ಕದ್ದು ಕೊನೆಗೆ. ಅದಕ್ಕೇ ಸುಮಾರು 57ರಲ್ಲಿ ಬರೆದ ರೋಮ ಎದುರಿಗೇ ಕೂತಿದೆ, ಸುಮಾರು 50ರಲ್ಲಿ ಬರೆದ 1 ಥೆಸಲೋನಿಕ ಎಷ್ಟೋ ಹಿಂದಿದೆ. ಹೊಸಬರು ಮೊದಲ ಪುಟದಿಂದ ಶುರು ಮಾಡಿ ರೋಮದ ಮೂರನೇ ಅಧ್ಯಾಯಕ್ಕೆ ಸುಸ್ತಾಗುವುದು ಈ ಕಾರಣಕ್ಕೇ.

ಒಂದೇ ಸಲಕ್ಕೆ, ಗಟ್ಟಿಯಾಗಿ ಓದಿ

ಅಧ್ಯಾಯದ ನಂಬರುಗಳು ಪೌಲ ಹಾಕಿದ್ದಲ್ಲ. ಅವು ಬಂದಿದ್ದು 13ನೇ ಶತಮಾನದ ಆರಂಭದಲ್ಲಿ, ಸ್ಟೀಫನ್ ಲ್ಯಾಂಗ್ಟನ್ ಅನ್ನುವ ಇಂಗ್ಲಿಷ್ ಪಂಡಿತನ ಕಾಲಕ್ಕೆ. ವಚನದ ನಂಬರುಗಳು ಇನ್ನೂ ಈಚಿನವು. ರಾಬರ್ಟ್ ಎಸ್ಟಿಯೆನ್ ಅನ್ನುವ ಪ್ರಿಂಟರ್ 1551ರ ತನ್ನ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಹಾಕಿದ. ಹುಡುಕುವುದಕ್ಕೆ ನಂಬರ್ ಬೇಕು, ನಿಜ. ಆದರೆ ಅದು ಬಂದ ಮೇಲೆ ಪತ್ರ ತುಂಡು ತುಂಡಾಗಿ ಕಾಣತೊಡಗಿತು.

ಮೊದಲು ಕೇಳಿದವರ ಕಣ್ಣ ಮುಂದೆ ಪುಸ್ತಕವೇ ಇರಲಿಲ್ಲ. ಯಾರದೋ ಮನೆಯಲ್ಲಿ ಸೇರುತ್ತಿದ್ದರು. ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಈ ಪತ್ರವನ್ನು ಎಲ್ಲ ಸಹೋದರರಿಗೂ ಓದಿ ಹೇಳಬೇಕು ಅಂತ ಪೌಲ ಥೆಸಲೋನಿಕದವರಿಗೆ ಆಣೆ ಹಾಕಿ ಹೇಳುತ್ತಾನೆ. ನೀವೂ ಹಾಗೇ ಮಾಡಿ. ಒಬ್ಬರು ಓದಲಿ, ಉಳಿದವರು ಪುಸ್ತಕ ಮುಚ್ಚಿಟ್ಟು ಕೇಳಲಿ.

ಅಭ್ಯಾಸಕ್ಕೆ ಫಿಲೆಮೋನನಿಗೆ ಬರೆದ ಪತ್ರಿಕೆ ತಗೊಳ್ಳಿ. ಒಂದೇ ಅಧ್ಯಾಯ, 25 ವಚನ. ಐದು ನಿಮಿಷ ಸಾಕು. ಒನೇಸಿಮ ಅನ್ನುವ ದಾಸ, ಅಂದರೆ ಗುಲಾಮ, ಫಿಲೆಮೋನನ ಮನೆಯಿಂದ ದೂರಾಗಿ ಪೌಲನ ಹತ್ತಿರ ಬಂದಿದ್ದಾನೆ. ಓಡಿ ಬಂದನೋ, ಬೇರೆ ಕಾರಣಕ್ಕೆ ಬಂದನೋ, ಪತ್ರ ಬಿಡಿಸಿ ಹೇಳುವುದಿಲ್ಲ. ಪೌಲ ಅವನನ್ನು ವಾಪಸ್ ಕಳಿಸುತ್ತಿದ್ದಾನೆ. ಜೊತೆಗೆ ಈ ಪತ್ರ.

ಇನ್ನು ಪತ್ರದ ಚಾಣಾಕ್ಷತನ ನೋಡಿ. ಆಜ್ಞೆ ಮಾಡುವ ಅಧಿಕಾರ ನನಗಿದೆ, ಆದರೆ ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ ಅನ್ನುತ್ತಾನೆ. ನಾನು ಮುದುಕ, ಈಗ ಸೆರೆಯಲ್ಲೂ ಇದ್ದೇನೆ ಅನ್ನುತ್ತಾನೆ. ಅವನಿಂದ ನಿನಗೇನಾದರೂ ನಷ್ಟ ಆಗಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ, ಇದು ನನ್ನ ಕೈಬರಹ ಅನ್ನುತ್ತಾನೆ. ಹಾಗೆ ಹೇಳಿದ ಉಸಿರಿನಲ್ಲೇ, ನೀನು ನನಗೆ ನಿನ್ನನ್ನೇ ಕೊಡಬೇಕಾಗಿದೆ, ಅದನ್ನು ಈಗ ಎತ್ತುವುದಿಲ್ಲ ಬಿಡು ಅಂತ ಎತ್ತಿಯೇ ಬಿಡುತ್ತಾನೆ. ಕೊನೆಗೆ 22ನೇ ವಚನ: ನನಗೆ ಉಳಿದುಕೊಳ್ಳುವುದಕ್ಕೆ ಒಂದು ಜಾಗ ಸಿದ್ಧ ಮಾಡಿಡು. ಹಿರಿಯರು ‘ನಾನೇ ಬರ್ತೀನಿ, ಖೋಲಿ ತಯಾರ ಮಾಡಿ ಇಡು’ ಅಂದರೆ ಅದರ ಅರ್ಥ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಂದು ನೋಡುತ್ತೇನೆ, ಆ ಹುಡುಗನನ್ನು ಹೇಗೆ ಇಟ್ಟುಕೊಂಡಿದ್ದೀಯ ಅಂತ.

ಈಗ ಮತ್ತೆ ಮೊದಲ ಎರಡು ವಚನಕ್ಕೆ ಹೋಗಿ. ಪತ್ರ ಫಿಲೆಮೋನನೊಬ್ಬನಿಗೇ ಬಂದಿಲ್ಲ. ಅಪ್ಫಿಯಳಿಗೆ, ಅರ್ಖಿಪ್ಪನಿಗೆ, ಫಿಲೆಮೋನನ ಮನೆಯಲ್ಲಿ ಸೇರುವ ಸಭೆಗೂ ಬಂದಿದೆ. ಎಲ್ಲರ ಎದುರು ಓದಿಸಿಕೊಂಡ ಮೇಲೆ ಯಜಮಾನ ಹಿಂದೆ ಸರಿಯುವುದು ಕಷ್ಟ. ಇದೆಲ್ಲ ಒಂದೊಂದೇ ವಚನ ಓದಿದರೆ ಕಾಣುವುದಿಲ್ಲ.

ಕುಶಲ ಎಲ್ಲಿದೆ, ಎಲ್ಲಿಲ್ಲ?

ಇನ್‌ಲ್ಯಾಂಡ್ ಲೆಟರ್ ಕಾಲದವರಿಗೆ ನೆನಪಿರುತ್ತದೆ. ತೀರ್ಥರೂಪು ತಂದೆಯವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು, ಉಭಯ ಕುಶಲೋಪರಿ, ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ. ಆಮೇಲೆ ವಿಷಯ. ಮಗ ಕುಶಲವನ್ನೇ ಕೇಳದೆ ನೇರ ವಿಷಯಕ್ಕೆ ಬಂದಿದ್ದರೆ ಅಪ್ಪನ ಎದೆ ಧಸಕ್ ಅನ್ನುತ್ತಿತ್ತು.

ಆ ಕಾಲದ ಗ್ರೀಕ್ ಪತ್ರಗಳಿಗೂ ಇಂಥದ್ದೇ ಕಟ್ಟು ಇತ್ತು. ಬರೆಯುವವನ ಹೆಸರು, ಪಡೆಯುವವನ ಹೆಸರು, ವಂದನೆ, ಆಮೇಲೆ ದೇವರಿಗೆ ಸ್ತೋತ್ರ ಅಥವಾ ಕ್ಷೇಮ ಸಮಾಚಾರ. ಪೌಲ ಹೆಚ್ಚಾಗಿ ಅದನ್ನೇ ಪಾಲಿಸುತ್ತಾನೆ. ನಿಮ್ಮನ್ನು ನೆನೆದಾಗಲೆಲ್ಲ ದೇವರಿಗೆ ಸ್ತೋತ್ರ ಸಲ್ಲಿಸುತ್ತೇನೆ ಅಂತ ಫಿಲಿಪ್ಪಿಯವರಿಗೆ ಬರೆಯುತ್ತಾನೆ. ಕೊರಿಂಥದಲ್ಲಿ ಅಷ್ಟೆಲ್ಲ ಗಲಾಟೆ ಇದ್ದರೂ ಅವರಿಗೂ ಸ್ತೋತ್ರದ ಮಾತು ಇದೆ. ಗಲಾತ್ಯದವರಿಗೆ ಮಾತ್ರ ಇಲ್ಲ. ವಂದನೆ ಮುಗಿಯುತ್ತಿದ್ದಂತೆ, ಇಷ್ಟು ಬೇಗ ತಿರುಗಿಬಿಟ್ಟಿರಲ್ಲ, ಆಶ್ಚರ್ಯ ಆಗುತ್ತಿದೆ ಅಂತ ಶುರು ಮಾಡುತ್ತಾನೆ. ಯೆಹೂದ್ಯರಲ್ಲದ ವಿಶ್ವಾಸಿಗಳೂ ಸುನ್ನತಿ ಮಾಡಿಸಿಕೊಳ್ಳಲೇಬೇಕು ಅಂತ ಯಾರೋ ಬಂದು ಆ ಸಭೆಗಳಲ್ಲಿ ಕಲಿಸಿದ್ದರು. ಅವನ ಸಿಟ್ಟು ಅದಕ್ಕೆ.

ಹಾಗಾಗಿ ಪ್ರತಿ ಪತ್ರದ ಮೊದಲ ಹತ್ತು ವಚನ ಓದಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಬರೆಯುವವನು ಖುಷಿಯಲ್ಲಿದ್ದಾನಾ, ಬೇಜಾರಲ್ಲಿದ್ದಾನಾ, ಸಿಟ್ಟಲ್ಲಿದ್ದಾನಾ? ಸಿಟ್ಟಲ್ಲಿ ಬರೆದ ಮಾತಿಗೂ ನೆಮ್ಮದಿಯಾಗಿ ಬರೆದ ಮಾತಿಗೂ ಒಂದೇ ತೂಕ ಹಾಕಬಾರದು.

ತೊಂದರೆ ಏನಿತ್ತು ಹುಡುಕಿ

ಇದು ಮುಖ್ಯ ಕೆಲಸ. ಪತ್ರದೊಳಗೇ ಸುಳಿವು ಇರುತ್ತದೆ. 1 ಕೊರಿಂಥ 1:11ರಲ್ಲಿ ಖ್ಲೋಯೆ ಅನ್ನುವವಳ ಮನೆಯವರು ಬಂದು ನಿಮ್ಮಲ್ಲಿ ಜಗಳ ಇದೆ ಅಂತ ತಿಳಿಸಿದರು ಅನ್ನುತ್ತಾನೆ. 7:1ರಲ್ಲಿ ನೀವು ಬರೆದು ಕೇಳಿದ ವಿಷಯಗಳ ಬಗ್ಗೆ ಅನ್ನುತ್ತಾನೆ. ಅಂದರೆ ಅವರ ಕಡೆಯಿಂದಲೂ ಒಂದು ಪತ್ರ ಬಂದಿತ್ತು. ಅದು ಉಳಿದಿಲ್ಲ. ಅವರ ಪ್ರಶ್ನೆಯನ್ನು ನಾವು ಪೌಲನ ಉತ್ತರದಿಂದಲೇ ಊಹಿಸಬೇಕು.

ಗ್ರೀಕಿನ ಹಳೆಯ ಹಸ್ತಪ್ರತಿಗಳಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. ಪೌಲ ಅವರ ಮಾತನ್ನೇ ಎತ್ತಿ ಹೇಳುತ್ತಿದ್ದಾನೋ, ತನ್ನ ಮಾತು ಹೇಳುತ್ತಿದ್ದಾನೋ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಗಂಡಸು ಹೆಂಗಸನ್ನು ಮುಟ್ಟದಿರುವುದು ಒಳ್ಳೆಯದು ಅನ್ನುವ 7:1ರ ಮಾತು ಕೊರಿಂಥದವರದೇ, ಪೌಲ ಅದನ್ನು ತಿದ್ದುತ್ತಿದ್ದಾನೆ ಅನ್ನುವವರು ಬಹಳ ಮಂದಿ ಇದ್ದಾರೆ. ಮುಂದಿನ ವಚನದಲ್ಲೇ ಅವನು ಮದುವೆಯ ಪರ ಮಾತಾಡುವುದರಿಂದ ನನಗೂ ಅದೇ ಸರಿ ಅನ್ನಿಸುತ್ತದೆ.

ಪತ್ರದ ಹೊರಗಿನ ಸುಳಿವೂ ಬೇಕು. ಕೊರಿಂಥ ವ್ಯಾಪಾರದ ಊರು. ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಿದ. ಎರಡು ಕಡೆ ಎರಡು ಬಂದರು, ಎಲ್ಲೆಲ್ಲಿಂದಲೋ ಬಂದ ಜನ, ಹೊಸ ದುಡ್ಡು, ಹೆಸರು ಮಾಡುವ ಹಂಬಲ. ಹುಬ್ಬಳ್ಳಿಯವರಿಗೆ ಇಂಥ ಊರನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಪೌಲ ಅಲ್ಲಿ ಅಕ್ವಿಲ-ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕೆಲಸ ಮಾಡಿಕೊಂಡಿದ್ದ ಅಂತ ಅಪೊಸ್ತಲರ ಕೃತ್ಯಗಳು 18 ಹೇಳುತ್ತದೆ. ಯಾರಿಗೂ ಭಾರ ಆಗಬಾರದು ಅಂತ ಹಗಲೂ ರಾತ್ರಿ ದುಡಿದೆವು ಅಂತ ಥೆಸಲೋನಿಕದವರಿಗೆ ಅವನೇ ಬರೆದಿದ್ದಾನೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಕೂತು ಆ ಸಾಲು ಓದಿದರೆ ಅದರ ದಣಿವು ಬೇಗ ಅರ್ಥವಾದೀತು.

ಇಸವಿ ಹೇಗೆ ಗೊತ್ತು ಅಂತ ಕೇಳುತ್ತೀರಿ. ಲಕ್ಕುಂಡಿಯ ಶಾಸನ ನೋಡಿದ ಗದಗಿನವರಿಗೆ ಈ ಉತ್ತರ ಇಷ್ಟವಾಗುತ್ತದೆ. ಗ್ರೀಸಿನ ಡೆಲ್ಫಿಯಲ್ಲಿ ಒಂದು ಶಿಲಾಶಾಸನದ ತುಂಡುಗಳು ಸಿಕ್ಕಿವೆ. ರೋಮನ್ ಚಕ್ರವರ್ತಿ ಕ್ಲೌದಿಯನ ಆ ಶಾಸನದಲ್ಲಿ ಗಲ್ಲಿಯೋನನ ಹೆಸರಿದೆ. ಅದರಿಂದ ಗಲ್ಲಿಯೋನ ಕೊರಿಂಥ ಇದ್ದ ಅಖಾಯ ಪ್ರಾಂತ್ಯದ ಅಧಿಕಾರಿಯಾಗಿದ್ದದ್ದು ಸುಮಾರು 51-52ರಲ್ಲಿ ಅಂತ ತಿಳಿಯುತ್ತದೆ. ಕೊರಿಂಥದಲ್ಲಿ ಪೌಲನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದ್ದು ಅವನ ಮುಂದೆಯೇ. ಪೌಲನ ಬದುಕಿನ ಉಳಿದ ಇಸವಿಗಳನ್ನು ಈ ಗೂಟಕ್ಕೆ ಕಟ್ಟಿ ಲೆಕ್ಕ ಹಾಕುತ್ತಾರೆ.

ವಾದ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ?

ನಮ್ಮ ಊರುಗಳಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಆಯುಧ ಪೂಜೆ ದಿನ ವರ್ಕ್‌ಶಾಪಿನಲ್ಲಿ ಮಷಿನ್‌ಗೆ ಹೂ ಹಾಕಿ, ಕುಂಬಳಕಾಯಿ ಒಡೆದು, ಎಲ್ಲರಿಗೂ ಚುರುಮುರಿ-ಪೇಡೆ ಹಂಚುತ್ತಾರೆ. ಕ್ರೈಸ್ತ ಕೆಲಸಗಾರ ಕೈ ಚಾಚಬೇಕೋ ಬೇಡವೋ? ಗಣೇಶ ಚೌತಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ‘ಬರೇ ಕಡಬು ರೀ ಅಕ್ಕಾರ, ತಗೋರಿ’ ಅಂದರೆ ಏನು ಮಾಡಬೇಕು?

ಈ ಪ್ರಶ್ನೆಗೆ 1 ಕೊರಿಂಥ 8ರಿಂದ 10ರವರೆಗೆ ಮೂರು ಅಧ್ಯಾಯ ಇವೆ. ಆದರೆ ಎಲ್ಲರೂ ತಮಗೆ ಬೇಕಾದ ಒಂದೊಂದು ವಚನ ಹಿಡಿದುಕೊಂಡು ಜಗಳ ಆಡುತ್ತಾರೆ. ವಾದವನ್ನು ಮೊದಲಿನಿಂದ ಹಿಡಿಯೋಣ.

ಕೊರಿಂಥದಲ್ಲಿ ಗುಡಿಯಲ್ಲಿ ಬಲಿ ಕೊಟ್ಟ ಮಾಂಸ ಪೇಟೆಗೂ ಬರುತ್ತಿತ್ತು. ಗುಡಿಗಳ ಆವರಣದಲ್ಲೇ ಊಟದ ಕೋಣೆಗಳಿದ್ದವು. ಅಸ್ಕ್ಲೇಪಿಯ ದೇವರ ಗುಡಿಯ ಪಕ್ಕದ ಇಂಥ ಕೋಣೆಗಳು ಉತ್ಖನನದಲ್ಲಿ ಸಿಕ್ಕಿವೆ. ಹೀಗಾಗಿ ಊಟಕ್ಕೆ ಕರೆದರೆ ಹೋಗಬೇಕೋ ಬೇಡವೋ ಅನ್ನುವುದು ದಿನದ ಪ್ರಶ್ನೆ. ಸಭೆಯಲ್ಲಿ ತಿಳಿದವರು ಅನ್ನಿಸಿಕೊಂಡವರು, ವಿಗ್ರಹದಲ್ಲಿ ಏನೂ ಇಲ್ಲ, ದೇವರು ಒಬ್ಬನೇ, ತಿಂದರೆ ಏನಾಗುತ್ತದೆ ಅನ್ನುತ್ತಿದ್ದರು.

8ನೇ ಅಧ್ಯಾಯದಲ್ಲಿ ಪೌಲ ಅವರ ತರ್ಕವನ್ನು ಒಪ್ಪುತ್ತಾನೆ. ಒಪ್ಪಿ, ಬೇರೆ ಕಡೆ ಬೆರಳು ತೋರಿಸುತ್ತಾನೆ. ನಿನ್ನೆಯವರೆಗೆ ಅದೇ ಗುಡಿಗೆ ನಡೆದುಕೊಳ್ಳುತ್ತಿದ್ದ ಒಬ್ಬ ನಿನ್ನನ್ನು ಅಲ್ಲಿ ನೋಡಿದರೆ? ಅವನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ನಿನ್ನ ತಿಳುವಳಿಕೆಯಿಂದ ಅವನು ಹಾಳಾಗಬೇಕಾ? 9ನೇ ಅಧ್ಯಾಯ ಬೇರೆ ದಾರಿ ಹಿಡಿದ ಹಾಗೆ ಕಾಣುತ್ತದೆ. ಪೌಲ ತನ್ನ ಹೊಟ್ಟೆಪಾಡಿನ ಮಾತು ತೆಗೆಯುತ್ತಾನೆ. ಸಭೆಯಿಂದ ಖರ್ಚು ತೆಗೆದುಕೊಳ್ಳುವ ಹಕ್ಕು ನನಗಿತ್ತು, ತೆಗೆದುಕೊಳ್ಳಲಿಲ್ಲ ಅನ್ನುತ್ತಾನೆ. ಹಕ್ಕಿದ್ದರೂ ಬಿಟ್ಟುಕೊಡುವುದು ಹೇಗೆ ಅನ್ನುವುದಕ್ಕೆ ಅವನೇ ಉದಾಹರಣೆ. 10ರ ಮೊದಲ ಭಾಗದಲ್ಲಿ ಮಾತು ಬಿಗಿಯಾಗುತ್ತದೆ. ಕರ್ತನ ಮೇಜಿನಲ್ಲೂ (ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಊಟ) ಕೂತು ಆ ಬಲಿಪೂಜೆಯ ಮೇಜಿನಲ್ಲೂ ಕೂರುವುದು ಆಗದು ಅನ್ನುತ್ತಾನೆ. ಕೊನೆಯ ಭಾಗದಲ್ಲಿ ಮತ್ತೆ ಸಡಿಲ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ. ನಂಬಿಕೆ ಇಲ್ಲದವರು ಮನೆಗೆ ಕರೆದರೆ, ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ಊಟ ಮಾಡಿ. ಯಾರಾದರೂ ಇದು ದೇವರಿಗೆ ಅರ್ಪಿಸಿದ್ದು ಅಂತ ಎತ್ತಿ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಿಗಾಗಿ ಬಿಡಿ.

8:4 ಮಾತ್ರ ಓದಿದವರು ಎಲ್ಲವೂ ನಡೆಯುತ್ತದೆ ಅನ್ನುತ್ತಾರೆ. 10:21 ಮಾತ್ರ ಓದಿದವರು ನೆರೆಹೊರೆಯ ಸಂಬಂಧವನ್ನೇ ಕಡಿದುಕೊಳ್ಳುತ್ತಾರೆ. ಇಬ್ಬರೂ ಅರ್ಧ ದಾರಿಯಲ್ಲೇ ಇಳಿದುಹೋದವರು. ನನ್ನ ಅಭಿಪ್ರಾಯ ಕೇಳಿದರೆ, ಪೂಜೆಯಲ್ಲಿ ಭಾಗಿಯಾಗಿ ಆರತಿ ತಟ್ಟೆ ಹಿಡಿಯುವುದು ಮತ್ತು ನೆರೆಮನೆಯವರು ಪ್ರೀತಿಯಿಂದ ತಂದ ಕಡಬು ತೆಗೆದುಕೊಳ್ಳುವುದು ಪೌಲನ ಕಣ್ಣಲ್ಲಿ ಬೇರೆ ಬೇರೆ. ಮೊದಲನೆಯದು 10:21ರ ಹತ್ತಿರ, ಎರಡನೆಯದು 10:27ರ ಹತ್ತಿರ. ಆದರೆ ಮನೆಯಲ್ಲಿ ಹೊಸದಾಗಿ ನಂಬಿಕೆಗೆ ಬಂದ ಸೊಸೆಯೋ ಗೆಳೆಯನೋ ಇದ್ದರೆ 8ನೇ ಅಧ್ಯಾಯ ಮತ್ತೆ ಎದ್ದು ನಿಲ್ಲುತ್ತದೆ. ಎಲ್ಲ ಸಭಾಪಾಲಕರೂ (ಪಾಸ್ಟರ್‌ಗಳು) ಇದನ್ನು ಒಪ್ಪುವುದಿಲ್ಲ. ಅಪೊಸ್ತಲರ ಕೃತ್ಯಗಳು 15:29 ಮತ್ತು ಪ್ರಕಟನೆ 2ನೇ ಅಧ್ಯಾಯ ಇದಕ್ಕಿಂತ ಖಡಕ್ ಆಗಿವೆ ಅಂತ ಅವರು ತೋರಿಸುತ್ತಾರೆ. ತೋರಿಸಲಿ. ವಾದ ಮಾಡುವಾಗ ಮೂರೂ ಅಧ್ಯಾಯ ಎದುರಿಗೆ ತೆರೆದಿರಲಿ, ಅಷ್ಟೇ ನನ್ನ ಒತ್ತಾಯ.

ಪಕ್ಕದ ಪತ್ರ ಏನನ್ನುತ್ತದೆ?

ಒಂದೇ ಪತ್ರದ ಒಂದೇ ವಚನ ಹಿಡಿದು ನಿಯಮ ಮಾಡುವ ಮುಂಚೆ ಉಳಿದ ಪತ್ರಗಳನ್ನು ಪಕ್ಕದಲ್ಲಿಡಿ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಅನ್ನುವ 1 ಕೊರಿಂಥ 14:34 ನಿಮಗೆ ಗೊತ್ತಿರುತ್ತದೆ. ಅದೇ ಪತ್ರದ 11:5ರಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥನೆ ಮಾಡುವುದನ್ನೂ ಪ್ರವಾದಿಸುವುದನ್ನೂ (ದೇವರ ಪ್ರೇರಣೆಯಿಂದ ಮಾತಾಡುವುದನ್ನೂ) ಪೌಲ ಒಪ್ಪಿಕೊಂಡೇ ಮಾತಾಡುತ್ತಾನೆ. ತಲೆಯ ಮೇಲೆ ಮುಸುಕು ಇರಲಿ ಅನ್ನುವುದು ಅಲ್ಲಿನ ಚರ್ಚೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 14:34-35 ಅಧ್ಯಾಯದ ಕೊನೆಯಲ್ಲಿ, 40ರ ನಂತರ ಬರುತ್ತವೆ. ಆ ಎರಡು ವಚನ ಮೊದಲು ಅಂಚಿನ ಟಿಪ್ಪಣಿಯಾಗಿದ್ದಿರಬಹುದು ಅನ್ನುವ ಪಂಡಿತರಿದ್ದಾರೆ, ಒಪ್ಪದವರೂ ಇದ್ದಾರೆ.

ರೋಮ 16ಕ್ಕೆ ಬನ್ನಿ. ಕೊರಿಂಥದ ಬಂದರಾದ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಗೌರವದಿಂದ ಬರಮಾಡಿಕೊಳ್ಳಿ ಅಂತ ಪೌಲ ಬರೆಯುತ್ತಾನೆ. ಪತ್ರವನ್ನು ರೋಮಾಪುರಕ್ಕೆ ಒಯ್ದಿದ್ದು ಅವಳೇ ಅಂತ ಹೆಚ್ಚಿನವರ ಅಭಿಪ್ರಾಯ. ಪತ್ರ ಕೇಳಿಸಿಕೊಂಡವರು ಅದನ್ನು ಒಯ್ದವಳಿಗೆ ಪ್ರಶ್ನೆ ಕೇಳದೆ ಬಿಟ್ಟಾರಾ? ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಈಗ ಮಹಿಳಾ ಸಭಾಪಾಲಕರಿದ್ದಾರೆ. 2013ರಲ್ಲಿ ನಂದ್ಯಾಲದಲ್ಲಿ ಒಬ್ಬ ಮಹಿಳೆ ಬಿಷಪ್ ಕೂಡ ಆದರು. ಅಲ್ಲಿಗೆ ಬಂದ ದಾರಿಯಲ್ಲಿ ಈ ಎಲ್ಲ ವಚನಗಳನ್ನೂ ಒಟ್ಟಿಗೆ ಇಟ್ಟು ಓದಿದ ಕೆಲಸ ಇದೆ.

ನಂಬಿಕೆಯಿಂದಲೇ ನೀತಿವಂತ ಅನ್ನುವ ಪೌಲ, ನಂಬಿಕೆಯೊಂದೇ ಸಾಲದು, ಕ್ರಿಯೆಯೂ ಬೇಕು ಅನ್ನುವ ಯಾಕೋಬ, ಇವರದೂ ಹೀಗೇ. ಪೌಲನ ಎದುರು ಇರುವವರು ಸುನ್ನತಿ ಇಲ್ಲದವನು ಒಳಗೆ ಬರಬಾರದು ಅನ್ನುವವರು. ಯಾಕೋಬನ ಎದುರು ಇರುವವರು ಹಸಿದವನಿಗೆ ‘ಹೋಗಿ ಬಾ, ಹೊಟ್ಟೆ ತುಂಬ ಊಟ ಮಾಡು’ ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಏನೂ ಕೊಡದವರು. ರೋಗ ಬೇರೆ, ಅದಕ್ಕೇ ಔಷಧಿಯೂ ಬೇರೆ.

ಈಗ ನಮ್ಮ ಊರಿಗೆ ಬನ್ನಿ

ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಪಾಲಿಸುತ್ತೇವೆ ಅನ್ನುವವರನ್ನು ಸುಮ್ನೆ ಒಂದು ಮಾತು ಕೇಳಿ. ಪವಿತ್ರವಾದ ಮುದ್ದಿಟ್ಟು ಒಬ್ಬರನ್ನೊಬ್ಬರು ವಂದಿಸಿ ಅಂತ ರೋಮ 16:16ರಲ್ಲಿದೆ. ನಮ್ಮ ಸಭೆಗಳಲ್ಲಿ ಕೈ ಕುಲುಕುತ್ತೇವೆ, ಇಲ್ಲ ಕೈ ಮುಗಿಯುತ್ತೇವೆ. ತ್ರೋವ ಅನ್ನುವ ಊರಲ್ಲಿ ಬಿಟ್ಟು ಬಂದ ಮೇಲಂಗಿ ತಗೊಂಡು ಬಾ ಅಂತ 2 ತಿಮೊಥೆಯ 4:13ರಲ್ಲಿದೆ. ಯಾರೂ ಹೊರಟಿಲ್ಲ. ಯಾವುದು ಆ ಊರಿನ ರೂಢಿ, ಯಾವುದು ಒಳಗಿನ ವಿಷಯ ಅಂತ ನಾವೆಲ್ಲ ಆಗಲೇ ಬೇರೆ ಮಾಡುತ್ತಿದ್ದೇವೆ. ಪ್ರಶ್ನೆ, ಅದನ್ನು ಪ್ರಾಮಾಣಿಕವಾಗಿ ಮಾಡುತ್ತೇವಾ, ಅನುಕೂಲಕ್ಕೆ ತಕ್ಕ ಹಾಗೆ ಮಾಡುತ್ತೇವಾ ಅನ್ನುವುದು.

ನಾನು ಹೇಳುವ ವಿಧಾನ ಸರಳ. ಅಲ್ಲಿನ ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದೇ ತೊಂದರೆ ನಮ್ಮ ಊರಲ್ಲಿ ಯಾವ ರೂಪದಲ್ಲಿದೆ ಅಂತ ಹುಡುಕಿ. ಆಮೇಲೆ ಮಾತ್ರ ಪೌಲನ ಉತ್ತರವನ್ನು ಅಲ್ಲಿಗೆ ತನ್ನಿ.

1 ಕೊರಿಂಥ 11:17ರಿಂದ ಮುಂದೆ ಕರ್ತನ ಭೋಜನದ ಮಾತಿದೆ. ತೊಂದರೆ ಏನು? ಆಗ ಅದು ನಿಜವಾದ ಊಟವೇ ಆಗಿತ್ತು. ಕೆಲವರು ತಮ್ಮ ಪಾಲನ್ನು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಏನೂ ಇಲ್ಲದವರು ಹಸಿದೇ ಕೂರುತ್ತಿದ್ದರು. ರೋಮನ್ ಮನೆಯ ಊಟದ ಕೋಣೆಯಲ್ಲಿ ಸಾಮಾನ್ಯವಾಗಿ ಒಂಬತ್ತು ಜನರಿಗಷ್ಟೇ ಜಾಗ. ಉಳಿದವರು ಅಂಗಳದಲ್ಲಿ ಕೂತಿರಬಹುದು. ನಮ್ಮ ಕಡೆ ಮದುವೆಯಲ್ಲೋ ಸಭೆಯ ಪ್ರೀತಿಭೋಜನದಲ್ಲೋ ಮೊದಲ ಪಂಕ್ತಿಯಲ್ಲಿ ಯಾರು ಕೂರುತ್ತಾರೆ, ಹೋಳಿಗೆ ಮುಗಿದು ಬರೀ ಅನ್ನ-ಸಾರು ಉಳಿದ ಕೊನೆಯ ಪಂಕ್ತಿಯಲ್ಲಿ ಯಾರಿರುತ್ತಾರೆ ಅಂತ ನೋಡಿ. ಪಾತ್ರೆ ತೊಳೆದವರು, ಪೆಂಡಾಲ್ ಹಾಕಿದವರು. ಅಯೋಗ್ಯವಾಗಿ ರೊಟ್ಟಿ ತಿನ್ನಬಾರದು ಅನ್ನುವ 11:27ನ್ನು ನಾವು ಒಬ್ಬೊಬ್ಬರ ಮನಸ್ಸಿನೊಳಗಿನ ಪಾಪದ ಲೆಕ್ಕಕ್ಕೇ ಸೀಮಿತ ಮಾಡಿದ್ದೇವೆ. ಪೌಲನ ಸಿಟ್ಟು ಇದ್ದಿದ್ದು ಪಂಕ್ತಿಯ ಮೇಲೆ. ಒಬ್ಬರಿಗೊಬ್ಬರು ಕಾದುಕೊಳ್ಳಿ ಅಂತ ಅವನು ಮುಗಿಸುವುದನ್ನು ನೋಡಿ.

ಯಾಕೋಬ 5:4ಕ್ಕೆ ವ್ಯಾಖ್ಯಾನವೇ ಬೇಡ. ಹೊಲ ಕೊಯ್ದವರಿಗೆ ನೀವು ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತಿದೆ ಅನ್ನುತ್ತಾನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬಟವಾಡೆ ದಿನ ಮುಂದೆ ಹೋದರೆ, ಮನೆಗೆಲಸದವಳ ಪಗಾರದಲ್ಲಿ ರಜೆ ಹಿಡಿದುಕೊಂಡರೆ, ಆ ವಚನ ಅಲ್ಲಿಗೇ ಬಂದು ನಿಲ್ಲುತ್ತದೆ.

ಫಿಲೆಮೋನ ಸ್ವಲ್ಪ ಕಷ್ಟ. ಒನೇಸಿಮನನ್ನು ಬಿಡುಗಡೆ ಮಾಡು ಅಂತ ಪೌಲ ಬಾಯಿಬಿಟ್ಟು ಹೇಳುವುದಿಲ್ಲ. ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನಾಗಿ ಸೇರಿಸಿಕೋ ಅನ್ನುತ್ತಾನೆ. 19ನೇ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿ ಬೇಕು ಅನ್ನುವವರೂ ಈ ಪತ್ರ ಹಿಡಿದರು, ಬೇಡ ಅನ್ನುವವರೂ ಇದನ್ನೇ ಹಿಡಿದರು. ಪೌಲ ವಾಪಸ್ ಕಳಿಸಿದ ಅಲ್ವಾ ಅಂತ ಅವರು, ಸಹೋದರ ಅಂದ ಮೇಲೆ ಮಾರುವುದು ಹೇಗೆ ಅಂತ ಇವರು. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದಿದ್ದೇ 1976ರಲ್ಲಿ. ಮುಂಗಡ ಹಣ ಕೊಟ್ಟು ಆಳನ್ನು ಕಟ್ಟಿಹಾಕುವ ವ್ಯವಹಾರ ಎದುರಿಗೆ ಕಂಡಾಗ, ಅವನ ಸಾಲ ನನ್ನ ಲೆಕ್ಕಕ್ಕೆ ಬರೆದುಕೋ ಅನ್ನುವ 18ನೇ ವಚನ ಏನು ಕೇಳುತ್ತದೆ ಅನ್ನುವುದನ್ನು ಗುಂಪಿನಲ್ಲಿ ಮಾತಾಡಿ. ಪೌಲ ಪುಕ್ಕಟೆ ಉಪದೇಶ ಮಾಡಲಿಲ್ಲ, ದುಡ್ಡಿನ ಜವಾಬ್ದಾರಿ ಹೊತ್ತ.

ಸರಕಾರಕ್ಕೆ ಅಧೀನರಾಗಿರಿ ಅನ್ನುವ ರೋಮ 13 ಇನ್ನೊಂದು ಎಚ್ಚರದ ಜಾಗ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಯನ್ನು ಸಮರ್ಥಿಸಲು ಈ ಅಧ್ಯಾಯ ಬಳಸಿದರು. ಅಲ್ಲಿನ ಕ್ರೈಸ್ತರೇ 1985ರ ಕೈರೋಸ್ ದಾಖಲೆಯಲ್ಲಿ ಅದನ್ನು ಖಂಡಿಸಿದರು. ಪೌಲ ಬರೆದಿದ್ದು ರೋಮನ್ ಚಕ್ರವರ್ತಿ ನೀರೋನ ಆಳ್ವಿಕೆಯ ಆರಂಭದ ವರ್ಷಗಳಲ್ಲಿ. ರೋಮಿಗೆ ಬೆಂಕಿ ಬಿದ್ದು ಕ್ರೈಸ್ತರ ಮೇಲೆ ಹಿಂಸೆ ಶುರುವಾದದ್ದು 64ರಲ್ಲಿ. ಬರೆಯುವಾಗ ಅದು ಇನ್ನೂ ಮುಂದಿತ್ತು.

ಯಾವುದರಿಂದ ಶುರು ಮಾಡಬೇಕು?

ಗುಂಪಿನಲ್ಲಿ ಓದುವುದು ಒಳ್ಳೆಯದು. ಆದರೆ ಬರೀ ಹಿರಿಯರ ಗುಂಪು ಬೇಡ. ಕೂಲಿಗೆ ಹೋಗುವವರು, ಕೆಲಸ ಹುಡುಕುತ್ತಿರುವ ಹುಡುಗರು, ಹೆಂಗಸರು ಇರಲಿ, ಅವರು ಮೊದಲು ಮಾತಾಡಲಿ. ಯಾಕೋಬನ 5:4 ಅಂಗಡಿ ಮಾಲೀಕನಿಗೂ ಅಂಗಡಿ ಹುಡುಗನಿಗೂ ಒಂದೇ ಥರ ಕೇಳಿಸುವುದಿಲ್ಲ.

ಫಿಲೆಮೋನ ಆದ ಮೇಲೆ 1 ಥೆಸಲೋನಿಕ, ಆಮೇಲೆ ಫಿಲಿಪ್ಪಿ, ಯಾಕೋಬ. ನಂತರ 1 ಕೊರಿಂಥ. ಅದಕ್ಕೆ ಅವಸರ ಮಾಡಬೇಡಿ, ವಾರಕ್ಕೊಂದು ತೊಂದರೆ ಹಿಡಿದರೆ ಸಾಕು. ಗಲಾತ್ಯ ಅದರ ಹಿಂದೆ. ರೋಮ ಕೊನೆಗೆ ಇರಲಿ, ಅದನ್ನೂ 16ನೇ ಅಧ್ಯಾಯದಿಂದ ಶುರು ಮಾಡಿ. ಜನರ ಹೆಸರುಗಳು ಮೊದಲು ಸಿಗುತ್ತವೆ. ಪತ್ರವನ್ನು ಕೈಯಲ್ಲಿ ಬರೆದುಕೊಟ್ಟ ತೆರ್ತ್ಯ ನಡುವೆ ತನ್ನದೂ ಒಂದು ವಂದನೆ ತೂರಿಸಿದ್ದಾನೆ. ರೂಫನ ತಾಯಿಯನ್ನು ಪೌಲ ನನಗೂ ತಾಯಿ ಅನ್ನುತ್ತಾನೆ.

ಅಲ್ಲಿಂದ 14ಕ್ಕೆ ಹೋಗಿ. ಕ್ಲೌದಿಯ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದ್ದ, ಅವನು ಸತ್ತ ಮೇಲೆ ಹಲವರು ವಾಪಸ್ ಬಂದರು. ಅಷ್ಟರಲ್ಲಿ ಸಭೆಯ ರೀತಿ ಬದಲಾಗಿತ್ತು ಅಂತ ಎಷ್ಟೋ ಪಂಡಿತರು ಊಹಿಸುತ್ತಾರೆ. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅನ್ನುತ್ತಾನೆ ಪೌಲ. ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಅಧ್ಯಾಯವನ್ನು ಮಾತ್ರ ಊಟದ ಹೊತ್ತಿಗೆ ಮುಂಚೆ ಇಟ್ಟುಕೊಳ್ಳಬೇಡಿ. ಚರ್ಚೆ ಮುಗಿಯುವುದಿಲ್ಲ, ಅನ್ನ ಆರಿಹೋಗುತ್ತದೆ.